ಚೆಲ್ಲದ ಲೋಟ

ಸೋಮವಾರ ಬೆಳಗಾಗುವುದರೊಳಗೆ ಜೋಸಿ ಲೋಟದಲ್ಲಿ ಕುಡಿಯುವುದನ್ನು ಕಲಿಯಬೇಕಿತ್ತು. ಕಲಿಯದಿದ್ದರೆ ಶಿಶುವಿಹಾರದಲ್ಲಿ ಅವಳ ಜಾಗ ಬೇರೆ ಮಗುವಿಗೆ ಹೋಗುತ್ತಿತ್ತು. ಅದರ ಬೆನ್ನಿಗೇ ಅವಳ ತಾಯಿ ರುಫೀನಾಳ ಹೊಲಿಗೆ ಯಂತ್ರ ಬೇರೆ ಹೆಂಗಸಿನ ಪಾಲಾಗುತ್ತಿತ್ತು. ಎಂಟು ತಿಂಗಳ ಕೂಸಿನ ತುಟಿಗೆ ಒಂದು ಮನೆಯ ಒಲೆಯನ್ನು ಕಟ್ಟಿಹಾಕಿದ್ದರು. ಕೂಸಿಗೆ ಇದ್ಯಾವುದೂ ಗೊತ್ತಿರಲಿಲ್ಲ. ಅದು ಅಮ್ಮನ ಎದೆಯನ್ನು ಬಿಟ್ಟು ಇನ್ನಾವುದಕ್ಕೂ ಬಾಯಿ ತೆರೆಯುತ್ತಿರಲಿಲ್ಲ.

ಹಾಲೂಡುವ ತಾಯಿಗೆ ದಿನಕ್ಕೊಂದು ಗಂಟೆ ಬಿಡುವು ಕೊಡಬೇಕೆಂದು ಬೊಲಿವಿಯಾದ ಕಾನೂನು ಹೇಳುತ್ತದೆ. ಎಲ್ ಆಲ್ತೊ ಊರಿನಲ್ಲಿ ಶಾಲೆಯ ಮಕ್ಕಳ ಕೋಟು ಹೊಲಿಸುವ ದೋನ್ ಉಂಬೆರ್ತೊನ ಕಾರ್ಖಾನೆಯ ಬಾಗಿಲವರೆಗೆ ಬಂದ ಆ ಕಾನೂನು ಒಳಗೆ ಇಣುಕಿ ನೋಡಿ ಹಾಗೇ ವಾಪಸು ಹೋಗುತ್ತಿತ್ತು. ಧೈರ್ಯ ಮಾಡಿ ಆ ಗಂಟೆಯನ್ನು ಕೇಳಿದ ಒಬ್ಬಳಿಗೆ ಇಡೀ ದಿನವೇ ಬಿಡುವು ಸಿಕ್ಕಿತು. ಮರುದಿನವೂ ಸಿಕ್ಕಿತು, ಅದರ ಮರುದಿನವೂ. ಅಲ್ಲಿಂದಾಚೆ ಯಾರೂ ಕೇಳಲಿಲ್ಲ. ಎದೆ ಕಟ್ಟಿ ರವಿಕೆ ಒದ್ದೆಯಾದರೆ ಮೇಲೊಂದು ಸ್ವೆಟರ್ ಹಾಕಿಕೊಂಡು ಹೊಲಿಯುತ್ತಿದ್ದರು.

ಜೋಸಿಯನ್ನು ಅಜ್ಜಿಯ ಬಳಿ ಬಿಡಬಹುದಿತ್ತಲ್ಲ ಎಂದರೆ, ಬಿಟ್ಟು ನೋಡಿದ್ದಾಗಿತ್ತು. ರುಫೀನಾಳ ಅತ್ತೆ ಪ್ಲಾಸಿದಾ ಬೀದಿಯ ಅಂಚಿನಲ್ಲಿ ಆಲೂಗಡ್ಡೆ ಗುಡ್ಡೆ ಹಾಕಿಕೊಂಡು ಮಾರುವವಳು. ಆ ಎತ್ತರದ ಊರಿನ ಗಾಳಿ ಆಲೂಗಡ್ಡೆಯನ್ನೇ ಒಣಗಿಸಿ ಕಲ್ಲು ಮಾಡುವಂಥದ್ದು, ಕೂಸಿನ ಎದೆಯನ್ನು ಬಿಟ್ಟೀತೇ? ಚಳಿಗಾಲದಲ್ಲಿ ಜೋಸಿಯ ಎದೆ ಗೊರಗೊರ ಎನ್ನತೊಡಗಿ ಆಸ್ಪತ್ರೆಯಲ್ಲಿ ಮಲಗಿಸಬೇಕಾಯಿತು. ಗಂಡ ವಿಲ್ಮೆರ್ ನಸುಕಿನಲ್ಲೇ ಮಿನಿಬಸ್ಸು ಹತ್ತುವ ಚಾಲಕ. ಹಾಗಾಗಿ ಉಳಿದದ್ದು ಬಡಾವಣೆಯ ಶಿಶುವಿಹಾರ ಒಂದೇ.

ಶಿಶುವಿಹಾರಕ್ಕೆ ತನ್ನದೇ ಕಟ್ಟಳೆಗಳಿದ್ದವು. ಹಾಲಿನ ಬಾಟಲಿ ಕೂಡದು, ಕುದಿಸುವುದಕ್ಕೆ ಜನ ಇಲ್ಲ. ತೆರೆದ ಲೋಟ ಕೂಡದು, ಹಿಡಿದು ಕುಡಿಸುವುದಕ್ಕೂ ಜನ ಇಲ್ಲ. ಮೂತಿಯಿರುವ ಮುಚ್ಚಳದ ಲೋಟವೇ ಆಗಬೇಕು, ತಲೆಕೆಳಗು ಮಾಡಿದರೂ ಚೆಲ್ಲಬಾರದು, ಮಗು ತಾನೇ ಹಿಡಿದು ಕುಡಿಯಬೇಕು. ಎಲ್ಲರೂ ಮೇಡಂ ಎಂದು ಕರೆಯುತ್ತಿದ್ದ ನೋರ್ಮಾ ದಿನಾ ಬೆಳಿಗ್ಗೆ ಬಾಗಿಲಲ್ಲಿ ನಿಂತು ಪ್ರತಿಯೊಂದು ಲೋಟವನ್ನೂ ತನ್ನ ಅಂಗೈ ಮೇಲೆ ಬೋರಲು ಹಾಕಿ ಪರೀಕ್ಷೆ ಮಾಡುತ್ತಿದ್ದಳು. ಹನಿ ಬಿದ್ದರೆ ಲೋಟವೂ ಮಗುವೂ ವಾಪಸು. ತನಿಖೆಗೆ ಬರುವ ಸಾಹೇಬರು ಮೊದಲು ನೋಡುವುದು ನೆಲವನ್ನು. ಮಕ್ಕಳನ್ನು ಆಮೇಲೆ ನೋಡುತ್ತಾರೆ, ಸಮಯ ಉಳಿದಿದ್ದರೆ.

ಶುಕ್ರವಾರ ಜೋಸಿಯ ಮೊದಲ ದಿನವಾಗಿತ್ತು. ಪಕ್ಕದ ಯಂತ್ರದಲ್ಲಿ ಹೊಲಿಯುವ ಕ್ರಿಸ್ಪೀನಾ ತನ್ನ ಮಗನ ಹಳೆಯ ಲೋಟವನ್ನು ಕೊಟ್ಟಿದ್ದಳು. ಅವನೂ ಅದೇ ಶಿಶುವಿಹಾರದಲ್ಲಿ ಬೆಳೆಯುತ್ತಿರುವ ಹುಡುಗ. ಲೋಟ ಪರೀಕ್ಷೆ ಪಾಸಾಯಿತು, ಜೋಸಿ ಆಗಲಿಲ್ಲ. ಮೂತಿಯನ್ನು ಬಾಯಿಗಿಟ್ಟರೆ ಕಚ್ಚಿದಳು, ಚೀಪಿದಳು, ಮುಖ ಕೆಂಪು ಮಾಡಿಕೊಂಡಳು, ಎತ್ತಿ ಎಸೆದಳು. ಮಧ್ಯಾಹ್ನದ ಹೊತ್ತಿಗೆ ಅತ್ತು ಅತ್ತು ದನಿ ಬಿದ್ದುಹೋಗಿತ್ತು. ಸಂಜೆ ರುಫೀನಾ ಬಂದಾಗ ಮೇಡಂ ಮೆಲುದನಿಯಲ್ಲೇ ಹೇಳಿದಳು. ಮಗುವಿನ ನಾಲಿಗೆಯಲ್ಲಿ ಏನೋ ದೋಷ ಇರಬಹುದು, ಡಾಕ್ಟರಿಗೆ ತೋರಿಸುವುದು ಒಳ್ಳೆಯದು. ಸೋಮವಾರ ಇನ್ನೊಂದು ಅವಕಾಶ ಕೊಡುತ್ತೇನೆ, ಆಗಲೂ ಕುಡಿಯದಿದ್ದರೆ ಕಾಯುತ್ತಿರುವ ಬೇರೆ ತಾಯಂದಿರಿಗೆ ನಾನು ಉತ್ತರ ಹೇಳಬೇಕು.

ನಾಲಿಗೆಯ ದೋಷ ಎಂಬ ಮಾತು ರುಫೀನಾಳ ಹೊಟ್ಟೆಯೊಳಗೆ ಇಳಿದು ಕುಳಿತುಬಿಟ್ಟಿತು. ಶನಿವಾರವೆಲ್ಲ ಅವಳು ಮಗುವಿನ ಬಾಯಿ ತೆರೆಸಿ ತೆರೆಸಿ ನೋಡಿದಳು. ಗುಲಾಬಿ ಬಣ್ಣದ ಪುಟ್ಟ ನಾಲಿಗೆ ಎಲ್ಲ ಮಕ್ಕಳ ನಾಲಿಗೆಯಂತೆಯೇ ಇತ್ತು. ಅಕ್ಕಪಕ್ಕದವರು ಬೇರೆಯದನ್ನೇ ಹೇಳಿದರು. ಕೂಸು ಎಲ್ಲೋ ಬೆಚ್ಚಿಬಿದ್ದಿದೆ, ಅದರ ಜೀವದ ಒಂದು ಚೂರು ಅಲ್ಲೇ ಬಿದ್ದುಹೋಗಿದೆ, ಹೆಸರು ಹಿಡಿದು ಕರೆದು ತರಬೇಕು ಎಂದರು. ರುಫೀನಾ ಯಾವುದನ್ನೂ ನಂಬಲಿಲ್ಲ, ಯಾವುದನ್ನೂ ಬಿಡಲೂ ಇಲ್ಲ. ಅವಳೊಳಗೆ ಯಾರಿಗೂ ಹೇಳದ ಇನ್ನೊಂದು ಭಯವೂ ಇತ್ತು. ಕುಡಿಯದಿದ್ದರೆ ಕೆಲಸ ಹೋಗುತ್ತದೆ, ಸರಿ. ಕುಡಿದುಬಿಟ್ಟರೆ? ಪ್ಲಾಸ್ಟಿಕ್ಕಿನ ಮೂತಿ ರೂಢಿಯಾದ ಮೇಲೆ ಮಗಳಿಗೆ ತಾನು ಬೇಡವಾದರೆ? ಹಾಗೆ ಅಂದುಕೊಂಡದ್ದಕ್ಕೆ ತನ್ನನ್ನೇ ಬೈದುಕೊಂಡಳು. ಬಡವರ ಮನೆಯಲ್ಲಿ ಇಂಥ ಭಯಕ್ಕೂ ಪುರುಸೊತ್ತು ಬೇಕು.

ಭಾನುವಾರ ಅತ್ತೆ ಸೊಸೆ ಇಬ್ಬರೂ ಸಂತೆಗೆ ಹೊರಟರು. ಜೋಸಿ ಪಟ್ಟೆಪಟ್ಟೆಯ ಬೆನ್ನುಬಟ್ಟೆಯಲ್ಲಿ ಅಮ್ಮನ ಬೆನ್ನಿಗಂಟಿಕೊಂಡು ಇಣುಕುತ್ತಿದ್ದಳು. ಮುಂದೆ ಪ್ಲಾಸಿದಾ, ತಲೆಯ ಮೇಲೆ ದುಂಡು ಟೊಪ್ಪಿ, ಜನಸಂದಣಿಯನ್ನು ಹೆಗಲಿನಿಂದಲೇ ಸೀಳಿಕೊಂಡು ಹೋಗುತ್ತಿದ್ದಳು. ಕಾರಿನ ಚಕ್ರ, ಹಂದಿಮರಿ, ಮದುವೆಯ ಲಂಗ ಎಲ್ಲವನ್ನೂ ದಾಟಿ ಮಕ್ಕಳ ಸಾಮಾನಿನ ಸಾಲಿಗೆ ಬಂದರು.

ಆ ಸಂತೆಯಲ್ಲಿ ಮಾರುವವಳೂ ಕೊಳ್ಳುವವಳೂ ಒಬ್ಬರನ್ನೊಬ್ಬರು ಕಸೇರಾ, ಅಂದರೆ ವಾಡಿಕೆಯವಳು, ಎಂದೇ ಕರೆಯುತ್ತಾರೆ. ಅಂಗಡಿಯವಳು ಕಸೇರಾ ಕಸೇರಾ ಎನ್ನುತ್ತ ಲೋಟಗಳನ್ನು ಸಾಲಾಗಿ ಹರಡಿದಳು. ಬಾತುಕೋಳಿಯ ಕೊಕ್ಕಿನಂಥ ಗಟ್ಟಿ ಮೂತಿಯದು, ಮೆತ್ತನೆಯ ಮೂತಿಯದು, ಒಳಗೊಂದು ಕೊಳವೆ ಇದ್ದದ್ದು, ಮೂತಿಯೇ ಇಲ್ಲದೆ ಸುತ್ತಲೂ ಅಂಚನ್ನು ಚೀಪುವಂಥದ್ದು. ಎಲ್ಲ ಡಬ್ಬಿಗಳ ಮೇಲೂ ಒಂದೇ ಬಿಳಿ ಮಗು ನಗುತ್ತಿತ್ತು. ಎಲ್ಲ ಡಬ್ಬಿಗಳ ಮೇಲೂ ಅವರಿಬ್ಬರಿಗೂ ಓದಲು ಬಾರದ ಭಾಷೆಯಲ್ಲಿ ಏನೇನೋ ಬರೆದಿತ್ತು. ರುಫೀನಾ ಬಟ್ಟೆ ಆರಿಸುವ ಹಾಗೆ ಒಂದೊಂದನ್ನೇ ಮುಟ್ಟಿ, ಒತ್ತಿ, ತಿರುವಿ ನೋಡಿದಳು. ಗಟ್ಟಿಯದು ಮಗುವಿನ ಒಸಡಿಗೆ ಆಗದು, ಮೇಲಿನ ಹಲ್ಲು ಮೊಳೆಯುತ್ತಿದೆ. ಕೊಳವೆಯದನ್ನು ತೊಳೆಯುವುದು ಹೇಗೆ, ಗಂಜಿ ಒಳಗೇ ಹುಳಿಯಾದೀತು. ಅಂಚಿನದು ಅಗಲವಾಯಿತು, ಪುಟ್ಟ ಕೈಗೆ ಸಿಗದು. ಕೊನೆಗೆ ಉಳಿದದ್ದು ಮೆತ್ತನೆಯ ಮೂತಿ, ಎರಡು ಹಿಡಿಗಳಿದ್ದ ಹಳದಿ ಲೋಟ.

ಚೆಲ್ಲುವುದಿಲ್ಲ ತಾನೇ ಎಂದು ಕೇಳಿದಳು. ಅದೊಂದನ್ನು ಕೇಳದೆ ಕೊಳ್ಳುವ ಹಾಗಿರಲಿಲ್ಲ.

ಅಂಗಡಿಯವಳು ಲೋಟಕ್ಕೆ ನೀರು ತುಂಬಿ, ಮುಚ್ಚಳ ತಿರುಗಿಸಿ, ಸೀದಾ ಪ್ಲಾಸಿದಾಳ ಟೊಪ್ಪಿಯ ಮೇಲೆ ಬೋರಲು ಹಿಡಿದಳು. ಸುತ್ತಲಿದ್ದವರು ನಕ್ಕರು. ಒಂದು ಹನಿಯೂ ಬೀಳಲಿಲ್ಲ.

“ಬಿದ್ರೆ ಹೊಸ ಟೊಪ್ಪಿ ನಾನೇ ಕೊಡಿಸ್ತಿದ್ದೆ ಅಜ್ಜಿ.”

ಪ್ಲಾಸಿದಾ ನಗಲಿಲ್ಲ. ಟೊಪ್ಪಿ ತೆಗೆದು ತಡವಿ ನೋಡಿದಳು, ಒಣಗಿತ್ತು. ಅವಳ ಮುಖದ ಮೇಲೆ ಸಮಾಧಾನದ ಬದಲು ಸಿಟ್ಟು ಬಂತು.

“ಭೂಮಿತಾಯಿಗೆ ಹೆಂಗೆ ಹಾಕೋದು ಇದ್ರಾಗೆ?”

ಮುಚ್ಚಳ ತೆಗೆದು ಹಾಕಿದರಾಯಿತು ಎಂದಳು ಅಂಗಡಿಯವಳು. ಪ್ಲಾಸಿದಾ ದಾರಿಯುದ್ದಕ್ಕೂ ಗೊಣಗಿದಳು. ಆ ಊರಿನಲ್ಲಿ ಯಾರೂ ಮೊದಲ ಗುಟುಕನ್ನು ತಾವು ಕುಡಿಯುವುದಿಲ್ಲ. ಬಿಯರಾಗಲಿ ಸೋಡಾ ಆಗಲಿ, ಒಂದೆರಡು ಹನಿ ನೆಲಕ್ಕೆ, ಪಾಚಮಾಮಾ ಎಂದು ಅವರು ಕರೆಯುವ ಭೂಮಿತಾಯಿಗೆ. ಹೊಸ ಮಿನಿಬಸ್ಸು ತಂದರೂ ಹೊಸ ಬಾಗಿಲು ಇಟ್ಟರೂ ಮೊದಲು ಅವಳಿಗೆ ಕೊಟ್ಟೇ ಮುಂದಿನದು. ತಾನು ಕುಡಿಯುವ ಅಂಚಿನಿಂದಲೇ ಕೊಡಬೇಕೆಂಬುದು ಪ್ಲಾಸಿದಾಳ ಹಟ. ಮುಚ್ಚಳ ಬಿಚ್ಚಿ ಸುರಿದರೆ ಅದು ಮುಸುರೆ ಚೆಲ್ಲಿದ ಹಾಗೆ. ಒಂದು ಹನಿಯನ್ನೂ ಬಿಡದೆ ಹಿಡಿದಿಟ್ಟುಕೊಳ್ಳುವ ಪಾತ್ರೆಯನ್ನು ಅವಳು ಜನ್ಮದಲ್ಲೇ ಕಂಡಿರಲಿಲ್ಲ. ಇಷ್ಟು ಜಿಪುಣತನದ ಲೋಟವನ್ನು ಮಾಡಿದವನು ಎಂಥ ಮನೆಯಲ್ಲಿ ಹುಟ್ಟಿದವನಿರಬೇಕು ಎಂದಳು. ರುಫೀನಾ ಅತ್ತೆಯ ಮಾತಿಗೆ ಹೂಂಗುಟ್ಟುತ್ತ ಬೇರೆಯದನ್ನೇ ಯೋಚಿಸುತ್ತಿದ್ದಳು.

ಮನೆಗೆ ಬಂದವಳೇ ಸೇಬು ಹಾಕಿ ಕಿನೋವಾ ಕಾಳು ಕುದಿಸಿದಳು, ತಿಳಿಯನ್ನು ಸೋಸಿ ಆರಿಸಿದಳು, ಹಳದಿ ಲೋಟಕ್ಕೆ ತುಂಬಿ ಮಗಳ ಕೈಗಿಟ್ಟಳು. ಜೋಸಿ ಎರಡೂ ಹಿಡಿಗಳನ್ನು ಭದ್ರವಾಗಿ ಹಿಡಿದಳು. ಮೂತಿಯನ್ನು ಬಾಯೊಳಗೆ ತೆಗೆದುಕೊಂಡಳು. ಮಗು ಚೀಪಿತು, ನಿಲ್ಲಿಸಿತು, ಮತ್ತೆ ಚೀಪಿತು. ಆಮೇಲೆ ಅಮ್ಮನ ಮುಖವನ್ನೇ ನೋಡಿತು. ಯಾಕೆ ಹೀಗೆ ಮಾಡುತ್ತೀಯ ಎಂದು ಕೇಳುವ ಹಾಗಿತ್ತು ಆ ನೋಟ. ಲೋಟ ನೆಲಕ್ಕೆ ಬಿತ್ತು, ಉರುಳಿತು. ಒಂದು ಹನಿಯೂ ಚೆಲ್ಲಲಿಲ್ಲ.

ಇನ್ನೊಮ್ಮೆ ಇಟ್ಟಳು. ಹಾಡು ಹೇಳಿ ಇಟ್ಟಳು, ಬೈದು ಇಟ್ಟಳು, ತಾನು ಕುಡಿಯುವಂತೆ ನಟಿಸಿ ಇಟ್ಟಳು. ಮಗು ಅಳತೊಡಗಿದ ಮೇಲೆ ಅವಳಿಗೂ ಅಳು ಬಂತು. ಅತ್ತೆಯ ಎದುರು ಅಳಬಾರದೆಂದು ಒಣಗಿದ ಬಟ್ಟೆ ತರುವ ನೆಪ ಮಾಡಿ ಹಿತ್ತಿಲಿಗೆ ಹೋದಳು. ನಾಲಿಗೆಯ ದೋಷವೇ ಹೌದು ಎಂದು ಅವಳಿಗೆ ಆಗ ಖಾತ್ರಿಯಾಗಿಹೋಯಿತು. ತಂತಿಯ ಮೇಲಿನ ಬಟ್ಟೆಯಲ್ಲಿ ಮುಖ ಒರೆಸಿಕೊಂಡು, ದೋನ್ ಉಂಬೆರ್ತೊಗೆ ಏನು ಹೇಳುವುದೆಂದು ಮನಸ್ಸಿನಲ್ಲೇ ಜೋಡಿಸಿದಳು. ಹೇಳುವುದಕ್ಕೆ ಏನೂ ಇರಲಿಲ್ಲ. ಅವನು ಕೇಳುವವನೂ ಅಲ್ಲ.

ತಿರುಗಿ ಬಂದಾಗ ಪ್ಲಾಸಿದಾ ಅಂಗಳದ ಮೂಲೆಯಲ್ಲಿ ಕುಕ್ಕರಗಾಲಲ್ಲಿ ಕೂತಿದ್ದಳು. ಜೋಸಿ ಅವಳ ತೊಡೆಯ ಮೇಲೆ. ಲೋಟದ ಮುಚ್ಚಳ ಬೋರಲು ಬಿದ್ದಿತ್ತು. ಮುದುಕಿ ಶಾಲಿನ ಪಿನ್ನು ತೆಗೆದು ಮುಚ್ಚಳದ ಒಳಗಿಂದ ಏನನ್ನೋ ಮೀಟುತ್ತಿದ್ದಳು. ಬಟನ್ನಿನಷ್ಟಗಲದ ರಬ್ಬರ್ ಬಿಲ್ಲೆಯೊಂದು ಪುಟಿದು ನೆಲಕ್ಕೆ ಬಿತ್ತು.

“ಅತ್ತೆ, ಹಾಳು ಮಾಡಿದ್ರಾ? ನಾಳೆ ಮೇಡಂ ಬೋರಲು ಹಾಕಿ ನೋಡ್ತಾರೆ. ಏನಂತ ಹೇಳಲಿ ನಾನು?”

“ನಿನ್ ಮೇಡಮ್ಮಂಗೆ ಆಮ್ಯಾಕೆ. ಮೊದ್ಲು ನನ್ ಮೇಡಮ್ಮಂಗೆ” ಎಂದು ಪ್ಲಾಸಿದಾ ಅಂಗೈಯಿಂದ ನೆಲ ತಟ್ಟಿ ತೋರಿಸಿದಳು. “ಅವಳಿಗೇ ಒಂದ್ ಹನಿ ಕೊಡದ ಲೋಟ ನನ್ ಮೊಮ್ಮಗಳಿಗೆ ಎಲ್ಲಿಂದ ಕೊಟ್ಟಾತು?”

ರುಫೀನಾ ಏನೇನೋ ಅಂದಳು. ಮದುವೆಯಾದಾಗಿನಿಂದ ನುಂಗಿಕೊಂಡದ್ದೆಲ್ಲ ಆ ಹೊತ್ತಿಗೇ ಬಾಯಿಗೆ ಬಂತು. ಪ್ಲಾಸಿದಾ ಕಿವಿಗೆ ಹಾಕಿಕೊಳ್ಳದೆ ಮುಚ್ಚಳ ಬಿಗಿದು ಲೋಟವನ್ನು ಬಗ್ಗಿಸಿದಳು. ಮೂತಿಯಿಂದ ತಿಳಿ ತೊಟಕ್ ತೊಟಕ್ ಎಂದು ಬಿತ್ತು. ಒಣನೆಲ ಅದನ್ನು ಬಿದ್ದ ಕೂಡಲೇ ಕುಡಿಯಿತು. ತಗೋ ತಾಯಿ, ಇದು ಜೋಸೆಲಿನಳ ಲೋಟ, ಇವಳಿಗೆ ಕೆಲಸವಿಲ್ಲದ ಮನೆ ತೋರಿಸಬೇಡ ಎಂದು ಕೂಸಿನ ಪೂರ್ತಿ ಹೆಸರು ಹಿಡಿದು ತನ್ನ ಅಯ್ಮಾರಾ ಮಾತಿನಲ್ಲಿ ಅಂದಳು. ಅಂದು, ಅದೇ ಮೂತಿಯನ್ನು ಮೊಮ್ಮಗಳ ಬಾಯಿಗೆ ಇಟ್ಟಳು.

ಜೋಸಿ ಅಳುತ್ತಲೇ ಅದನ್ನು ಕಚ್ಚಿದಳು. ಕಚ್ಚಿದವಳು ಥಟ್ಟನೆ ಅಳು ನಿಲ್ಲಿಸಿದಳು. ಕಣ್ಣು ದೊಡ್ಡದಾಯಿತು. ನಾಲಿಗೆ ಒಮ್ಮೆ ಹೊರಗೆ ಬಂದು ತುಟಿ ಸವರಿಕೊಂಡು ಒಳಗೆ ಹೋಯಿತು. ಆಮೇಲೆ ಎರಡೂ ಕೈಗಳಿಂದ ಲೋಟವನ್ನು ಅಜ್ಜಿಯಿಂದ ಕಿತ್ತುಕೊಂಡು, ತಲೆ ಹಿಂದಕ್ಕೆ ವಾಲಿಸಿ, ಗುಟುಕು ಗುಟುಕಾಗಿ ಕುಡಿದಳು. ಅರ್ಧ ಬಾಯಿಗೆ, ಅರ್ಧ ಗಲ್ಲಕ್ಕೆ, ಕೊರಳಿಗೆ, ಅಂಗಿಯೊಳಕ್ಕೆ. ಕೆಮ್ಮಿದಳು, ನಕ್ಕಳು, ಮತ್ತೆ ಕುಡಿದಳು.

ರುಫೀನಾ ಬಟ್ಟೆಯ ರಾಶಿಯ ಸಮೇತ ಅಲ್ಲೇ ನೆಲದ ಮೇಲೆ ಕೂತುಬಿಟ್ಟಳು. ನಾಲಿಗೆ ಸರಿಯಾಗಿತ್ತು. ಮಗಳ ನಾಲಿಗೆ ಸರಿಯಾಗಿತ್ತು. ಬೇರೆ ಯಾವ ಮಾತೂ ಅವಳ ತಲೆಯೊಳಗೆ ಸುಳಿಯಲಿಲ್ಲ.

ಭೂಮಿತಾಯಿ ಪ್ರಸನ್ನಳಾದಳು ಎನ್ನುತ್ತ ಪ್ಲಾಸಿದಾ ಪಿನ್ನು ಶಾಲಿಗೆ ಸಿಕ್ಕಿಸಿಕೊಂಡಳು. ರುಫೀನಾ ಬಿದ್ದಿದ್ದ ರಬ್ಬರ್ ಬಿಲ್ಲೆಯನ್ನು ಎತ್ತಿ ಬೆರಳುಗಳ ನಡುವೆ ಹಿಸುಕಿ ನೋಡಿದಳು. ನಡುವೆ ಕೂದಲಿನಷ್ಟು ಸಣ್ಣ ಸೀಳು, ಎಷ್ಟು ಒತ್ತಿದರೂ ಬಾಯಿ ಬಿಡದು. ಇಂಥ ಮುಚ್ಚಿದ ಬಾಗಿಲನ್ನು ತನ್ನ ಕೂಸು ಶುಕ್ರವಾರದಿಂದ ಚೀಪುತ್ತಿತ್ತು. ಸಿಕ್ಕದಿದ್ದಾಗ ತಪ್ಪೆಲ್ಲ ಕೂಸಿನ ನಾಲಿಗೆಯದಾಯಿತು. ಎಲ್ಲೋ ಯಾರದೋ ಕಂಬಳಿಗೆ, ಯಾರದೋ ಕಾರಿನ ಸೀಟಿಗೆ ಕಲೆಯಾಗಬಾರದೆಂದು ಮಾಡಿದ ಬಿಲ್ಲೆ ಇಲ್ಲಿ ಬಂದು ಬಡವರ ಮಕ್ಕಳ ಗಂಟಲಿಗೆ ಕೂತಿತ್ತು. ಆಗ ಅವಳಿಗೆ ಕ್ರಿಸ್ಪೀನಾ ಹೇಳುತ್ತಿದ್ದದ್ದು ನೆನಪಾಯಿತು. ಅವಳ ಮಗ ದಿನಾ ತುಂಬಿದ ಲೋಟದೊಂದಿಗೆ ಮನೆಗೆ ಬರುತ್ತಾನೆ, ಬಂದವನೇ ನಲ್ಲಿಗೆ ಬಾಯಿಕೊಟ್ಟು ಕರುವಿನ ಹಾಗೆ ಕುಡಿಯುತ್ತಾನೆ. ಹುಡುಗನ ಸ್ವಭಾವ ಎಂದು ನಕ್ಕಿದ್ದರು ಇಬ್ಬರೂ.

ಬಿಲ್ಲೆಯನ್ನು ಹಾಕಿಕೊಂಡು ಹೋಗಿ ಪರೀಕ್ಷೆ ಆದ ಮೇಲೆ ಕಿತ್ತುಬಿಡು ಎಂದ ವಿಲ್ಮೆರ್, ಊಟಕ್ಕೆ ಬಂದವನು. ರುಫೀನಾ ಸ್ವಲ್ಪ ಹೊತ್ತು ಅದನ್ನೂ ಯೋಚಿಸಿದಳು. ಆಮೇಲೆ ಬೇಡವೆಂದು ತಲೆಯಾಡಿಸಿದಳು.

“ಕದ್ದು ಕುಡಿಸೋಕೆ ಇದೇನು ಸಾರಾಯಿನಾ?”

ಸೋಮವಾರ ಬಾಗಿಲಲ್ಲಿ ಸಾಲು ಇತ್ತು. ಮೇಡಂ ಹಳದಿ ಲೋಟವನ್ನು ತೆಗೆದುಕೊಂಡು ಅಂಗೈ ಮೇಲೆ ಬೋರಲು ಹಾಕಿದಳು. ತಿಳಿ ಬೆರಳ ಸಂದಿಯಿಂದ ಇಳಿದು ತೋಳಿನೊಳಗೆ ಹೋಯಿತು. ಮೇಡಂ ಲೋಟವನ್ನು ವಾಪಸು ಚಾಚಿದಳು. ರುಫೀನಾ ಅದನ್ನು ತೆಗೆದುಕೊಳ್ಳಲಿಲ್ಲ.

“ಚೆಲ್ಲುತ್ತೆ ಮೇಡಂ. ಚೆಲ್ಲೋದ್ರಿಂದ್ಲೇ ಕುಡಿಯೋಕಾಗುತ್ತೆ. ನೀವು ಒಂದ್ಸಲ ಆ ಕಪಾಟಲ್ಲಿರೋ ಲೋಟ ಬಾಯಿಗಿಟ್ಟು ನೋಡಿ.”

ಮೇಡಮ್ಮಿಗೆ ಹಾಗೆ ಯಾರೂ ಹೇಳಿದವರಿರಲಿಲ್ಲ. ಅವಳು ಕೆಟ್ಟವಳಲ್ಲ. ಕಡಿಮೆ ಸಂಬಳಕ್ಕೆ ಹೆಚ್ಚು ಮಕ್ಕಳನ್ನು ನೋಡಿಕೊಳ್ಳುವವಳು, ಮೇಲಿನವರ ಭಯದಲ್ಲಿ ಕೆಳಗಿನವರಿಗೆ ಭಯವಾಗಿ ನಿಂತವಳು. ಕಪಾಟಿನ ಕಡೆ ಹೋಗಿ, ಕ್ರಿಸ್ಪೀನಾಳ ಮಗ ಆಗಷ್ಟೇ ಇಟ್ಟಿದ್ದ ನೀಲಿ ಲೋಟವನ್ನು ಎತ್ತಿ, ಶುಭ್ರವಾಗಿದ್ದ ಕರವಸ್ತ್ರದಿಂದ ಮೂತಿ ಒರೆಸಿ ಬಾಯಿಗಿಟ್ಟಳು. ಚೀಪಿದಳು. ಕೆನ್ನೆ ಗುಳಿ ಬಿತ್ತು. ಇನ್ನೂ ಚೀಪಿದಳು. ಕಿವಿ ಕೆಂಪಾದವು, ಕನ್ನಡಕ ಮೂಗಿನ ತುದಿಗೆ ಜಾರಿತು.

“ಬಿಡಬೇಡಿ ಮೇಡಂ” ಎಂದಳು ಕ್ರಿಸ್ಪೀನಾ ಹಿಂದಿನಿಂದ, “ಮಧ್ಯಾಹ್ನದೊಳಗೆ ಒಂದು ತೊಟ್ಟು ಬಂದ್ರೂ ಬರಬಹುದು.”

ಹೆಂಗಸರು ಕಟ್ಟೆ ಒಡೆದ ಹಾಗೆ ನಕ್ಕರು. ಮೇಡಂ ಲೋಟವನ್ನು ಕೆಳಗಿಟ್ಟಳು. ಸಿಟ್ಟು ಬರಬೇಕಿತ್ತು, ಬರಲಿಲ್ಲ. ಕಪಾಟಿನಲ್ಲಿದ್ದ ಲೋಟಗಳನ್ನೆಲ್ಲ ಒಂದು ಸುತ್ತು ನೋಡಿದಳು. ದಿನಾ ಸಂಜೆ ಭಾರವಾಗಿಯೇ ತಾಯಂದಿರ ಕೈ ಸೇರುತ್ತಿದ್ದವುಗಳನ್ನು ಅವಳೇ ಎತ್ತಿ ಎತ್ತಿ ಕೊಟ್ಟಿದ್ದಳು. ನೆಲ ಒದ್ದೆಯಾದರೆ ತನಿಖೆಯವರಿಗೆ ನಾನು ಏನು ಹೇಳಲಿ ಎಂದಳು, ದನಿ ಇಳಿದಿತ್ತು. ಮಕ್ಕಳು ಕುಡೀತಿದಾರೆ ಅಂತ ಹೇಳಿ ಎಂದಳು ರುಫೀನಾ. ನಾಲಿಗೆ ಸರಿ ಇದೆ ಅಂತಲೂ ಹೇಳಿ.

ಮೇಡಂ ಬೆಂಚಿನ ಮೇಲೆ ಕೂತು ಜೋಸಿಗಾಗಿ ಕೈ ಚಾಚಿದಳು. ರುಫೀನಾ ಬೆನ್ನಿನ ಗಂಟು ಬಿಚ್ಚಿದಳು. ಹೊಸ ತೊಡೆ, ಹೊಸ ಮುಖ. ಮಗು ಅತ್ತೀತು ಎಂದುಕೊಂಡಳು. ಜೋಸಿ ಮೇಡಂನ ಕನ್ನಡಕವನ್ನು ನೋಡಿದಳು, ಲೋಟವನ್ನು ನೋಡಿದಳು. ಲೋಟವನ್ನೇ ಆರಿಸಿದಳು. ತಲೆ ಹಿಂದಕ್ಕೆ ವಾಲಿಸಿ ಕುಡಿಯತೊಡಗಿದಳು. ಮೇಡಂನ ಏಪ್ರನ್ನಿನ ಮೇಲೆ ತಿಳಿ ಸುರಿಯಿತು.

“ಒಳಗೆ ಬಿಡಿ” ಎಂದಳು ಮೇಡಂ. “ನಾಳೆಯಿಂದ ಒಂದು ಒರೆಸೋ ಬಟ್ಟೆ ತನ್ನಿ ಎಲ್ಲರೂ.”

ಕ್ರಿಸ್ಪೀನಾ ಆಗಲೇ ಕಪಾಟಿನ ಬಳಿ ನಿಂತು ಮುಚ್ಚಳಗಳನ್ನು ತಿರುಗಿಸಿ ಒಂದೊಂದೇ ಬಿಲ್ಲೆಯನ್ನು ಹಲ್ಲಿನಿಂದ ಕಿತ್ತು ಕಿಟಕಿಯಾಚೆ ಉಗುಳುತ್ತಿದ್ದಳು. ಮೇಡಂ ಆ ಕಡೆ ನೋಡಲಿಲ್ಲ. ನೋಡದೆ ಇರುವುದೂ ಒಂದು ಕೆಲಸ. ಅದನ್ನು ಅವಳು ಅವತ್ತು ಅಚ್ಚುಕಟ್ಟಾಗಿ ಮಾಡಿದಳು.

ಆ ದಿನ ರುಫೀನಾ ಹೊಲಿದ ಕೋಟುಗಳ ತೋಳು ಒಂದೂ ಬಿಚ್ಚಿ ಹೊಲಿಯುವ ಹಾಗಿರಲಿಲ್ಲ. ದೋನ್ ಉಂಬೆರ್ತೊ ಎರಡು ಬಾರಿ ಹಿಂದೆ ಬಂದು ನಿಂತು, ಬೈಯಲು ಏನೂ ಸಿಗದೆ ಹೋದ. ಅವಳು ತಲೆ ಎತ್ತಲಿಲ್ಲ. ಶಿಶುವಿಹಾರದ ಕಡೆಯಿಂದ ಯಾರಾದರೂ ಕರೆಯಲು ಬಂದಾರೆಂದು ಬೆಳಿಗ್ಗೆಯೆಲ್ಲ ಕಿವಿ ಬಾಗಿಲಲ್ಲೇ ಇತ್ತು. ಮಧ್ಯಾಹ್ನ ದಾಟಿದ ಮೇಲೆ ಅವಳಿಗೇ ಗೊತ್ತಿಲ್ಲದೆ ಕಿವಿ ಯಂತ್ರದ ಸದ್ದಿಗೆ ಮರಳಿತು.

ಸಂಜೆ ಜೋಸಿಯನ್ನು ಕೊಡುವಾಗ ಮೇಡಂ ಹಳದಿ ಲೋಟವನ್ನು ಅಲ್ಲಾಡಿಸಿ ತೋರಿಸಿದಳು. ಸದ್ದಿಲ್ಲ. ಎರಡನೆಯ ಸಲ ತುಂಬಿಕೊಟ್ಟದ್ದೂ ಖಾಲಿ ಎಂದಳು. ಮಗುವಿನ ಅಂಗಿಯ ಎದೆ ಗಂಜಿ ಹಾಕಿದ ಹಾಗೆ ಬಿರುಸಾಗಿತ್ತು. ಹಾಗಾದರೆ ಹೊಟ್ಟೆ ತುಂಬಿದೆ, ನಾನು ಬೇಡ ಎಂದುಕೊಂಡಳು ರುಫೀನಾ. ಆಗಲಿ, ಅದೂ ಆಗಲಿ.

ಹೊರಗೆ ಮಿನಿಬಸ್ಸು ನಿಲ್ಲುವ ಕಟ್ಟೆಯ ಬಳಿ ಬಂದಿದ್ದಳಷ್ಟೇ, ಜೋಸಿ ಮೂಗನ್ನು ಅಮ್ಮನ ಕೊರಳಿಗೆ ಒತ್ತಿ ಮೂಸಿದಳು. ಆಮೇಲೆ ಎರಡೂ ಕೈಗಳಿಂದ ಅವಳ ಸ್ವೆಟರನ್ನು ಕೆಳಕ್ಕೆ ಜಗ್ಗಿದಳು, ಬೆಳಿಗ್ಗೆ ಲೋಟವನ್ನು ಹಿಡಿದಷ್ಟೇ ಭದ್ರವಾಗಿ. ಹಸಿವಿನ ಜಗ್ಗುವಿಕೆ ಅದಲ್ಲ. ತನ್ನದನ್ನು ತಾನು ಕೇಳುವ ಜಗ್ಗುವಿಕೆ.

ರುಫೀನಾ ಕಟ್ಟೆಯ ಮೇಲೆ ಕೂತು ಶಾಲು ಹೊದ್ದು ಮಗಳನ್ನು ಎದೆಗೆ ಹಾಕಿಕೊಂಡಳು. ಅವಳು ನಗುತ್ತಿದ್ದಳು, ಪಕ್ಕದಲ್ಲಿ ನಿಂತವರು ಏನೆಂದು ನೋಡಿದರು. ಮಿನಿಬಸ್ಸು ಬಂತು, ಹೋಯಿತು. ಇನ್ನೊಂದು ಬಂತು. ಅವಳು ಏಳಲಿಲ್ಲ.